ಘಟ್ಟ ಬೆಟ್ಟವಲ್ಲ, ಒಡೆದ ಅಂಚು

ಹುಬ್ಬಳ್ಳಿಯಿಂದ ಶಿರಸಿ ಮೇಲೆ ಕುಮಟೆಗೆ ಹೋಗುವವರು ಒಂದು ವಿಷಯ ಗಮನಿಸಿರಬಹುದು. ಘಟ್ಟ ಇಳಿಯುತ್ತೇವೆ, ಆದರೆ ಅದಕ್ಕೂ ಮೊದಲು ಹತ್ತಿದ ನೆನಪೇ ಇರುವುದಿಲ್ಲ, ಅಲ್ವಾ? ಶಿರಸಿ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ದೇವಿಮನೆ ಘಟ್ಟದ ತಿರುವುಗಳು ಶುರುವಾದ ಮೇಲೆ ನೆಲ ಒಂದೇ ಸಮನೆ ಕೆಳಗೆ ಹೋಗುತ್ತದೆ.

ಎರಡು ಭೂಫಲಕ ಗುದ್ದಿಕೊಂಡು ಎದ್ದದ್ದು ಹಿಮಾಲಯ. ನಮ್ಮ ಘಟ್ಟದ ಕಥೆ ಉಲ್ಟಾ. ಇದು ಬೇರೆಯಾದದ್ದರ ಗುರುತು. ಒಂದು ಕಾಲಕ್ಕೆ ಮಡಗಾಸ್ಕರ್ ನಮ್ಮ ಪಶ್ಚಿಮ ಅಂಚಿಗೆ ಅಂಟಿಕೊಂಡಿತ್ತು. ಸುಮಾರು 9 ಕೋಟಿ ವರ್ಷಗಳ ಹಿಂದೆ ಕಳಚಿಕೊಂಡಿತು. ನಡುವೆ ಸಮುದ್ರ ಬಂತು, ಇತ್ತ ಎತ್ತರದ ಅಂಚು ಉಳಿಯಿತು. ಕಲ್ಲಿನ ವಯಸ್ಸು ಇನ್ನೂ ಜಾಸ್ತಿ. ಕರ್ನಾಟಕದ ಬಂಡೆಗಳಲ್ಲಿ 300 ಕೋಟಿ ವರ್ಷ ದಾಟಿದವೂ ಇವೆ.

ಆ ಅಂಚು ಮೊದಲು ಈಗಿಗಿಂತ ಕಡಲಿಗೆ ಹತ್ತಿರವಿತ್ತು. ಹಿಂದಕ್ಕೆ ತಳ್ಳಿದ್ದು ಮಳೆ. ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಧುಮುಕುತ್ತದಲ್ಲ, ಅಂಥ ಕಡೆ ನೀರು ಬುಡ ಕೊರೆಯುತ್ತದೆ, ಮೇಲಿನ ಕಲ್ಲು ಕಳಚಿ ಬೀಳುತ್ತದೆ, ಜಲಪಾತ ಒಂದಿಷ್ಟು ಹಿಂದೆ ಸರಿಯುತ್ತದೆ.

ಮಳೆಯ ಇನ್ನೊಂದು ಕೆಲಸ ನೋಡಬೇಕಾದರೆ ಚಿರೇಕಲ್ಲಿನ, ಅಂದರೆ ಮನೆ ಕಟ್ಟುವ ಕೆಂಪು ಕಲ್ಲಿನ ಕ್ವಾರಿಗೆ ಹೋಗಬೇಕು. ಬಿಸಿಲು, ಮಳೆ ಸೇರಿ ಬಂಡೆಯೊಳಗಿನ ಸಿಲಿಕಾವನ್ನು ತೊಳೆದು ಹಾಕುತ್ತವೆ. ಉಳಿಯುವುದು ಕಬ್ಬಿಣ, ಅಲ್ಯೂಮಿನಿಯಂ. ಕಬ್ಬಿಣದಿಂದಲೇ ಆ ಕೆಂಪು. ಆಗಷ್ಟೇ ತೆಗೆದ ಕಲ್ಲು ಮೆತ್ತಗಿದ್ದು, ಕೊಡಲಿಯಲ್ಲೂ ಕೆತ್ತಬಹುದು. ಗಾಳಿಗೆ ಒಣಗುತ್ತಾ ಬಂದ ಹಾಗೆ ಗಟ್ಟಿಯಾಗುತ್ತದೆ. 1807ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ‘ಲೇಟರ್’ ಅಂದರೆ ಇಟ್ಟಿಗೆ. ನಮ್ಮವರು ಗೋಡೆ ಕಟ್ಟುತ್ತಿದ್ದದ್ದನ್ನು ನೋಡಿಯೇ ಹೆಸರು ಹೊಳೆದಿರಬೇಕು! ಯಾಣದ ಕಪ್ಪು ಶಿಖರಗಳು ಸುಣ್ಣಕಲ್ಲು. ಅವನ್ನೂ ಮಳೆನೀರೇ ಕರಗಿಸಿ ಕೆತ್ತಿದ್ದು.

ಕಡಲೂ ಸುಮ್ನೆ ಕೂತಿಲ್ಲ. 20 ಸಾವಿರ ವರ್ಷಗಳ ಹಿಂದೆ ನೀರು ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಕಾರವಾರದ ಎದುರಿನ ಕೂರ್ಮಗಡ ಆಗ ದ್ವೀಪವಲ್ಲ, ನಡೆದು ಹೋಗಬಹುದಾದ ಗುಡ್ಡ.

2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದು, ಹೆದ್ದಾರಿ ದಾಟಿ ಗಂಗಾವಳಿ ಹೊಳೆಗೆ ಬಿತ್ತು. ಜೀವಗಳು ಹೋದವು. ನೆನೆದ ಮಣ್ಣು ಜಾರುವುದು ಘಟ್ಟಕ್ಕೆ ಹೊಸದಲ್ಲ. ರಸ್ತೆಗಾಗಿ ಬುಡ ಕಡಿದು ನೆಟ್ಟಗೆ ನಿಲ್ಲಿಸಿದ ಗುಡ್ಡ ಹೊಸದು. ಮಳೆ ಸ್ವಲ್ಪ ಇಳಿದ ಮೇಲೆ ನೋಡಿದರೆ, ಹೊಳೆಯ ನಡುವೆಯೇ ಕೆಂಪು ಮಣ್ಣಿನ ದಿಬ್ಬ ಎದ್ದು ನಿಂತಿತ್ತು.