ಆನ್‌ಲೈನ್ ಕನ್ನಡ ಬರಹ ಓದುಗರನ್ನು ಹುಡುಕಿಕೊಂಡ ದಾರಿ

‘ಈ ಎಲೆ ತಿಂದರೆ ಏನಾಗುತ್ತೆ ಗೊತ್ತಾ?’ ಎಂಬಂಥ ತಲೆಬರಹ ಮೊಬೈಲ್‌ನಲ್ಲಿ ಆಗಾಗ ಕಣ್ಣಿಗೆ ಬೀಳುತ್ತದೆ. ಯಾವ ಎಲೆ ಅಂತ ತಿಳಿಯಬೇಕಾದರೆ ಒತ್ತಲೇಬೇಕು. ಓದುಗರಿಗೆ ಇದು ಬೇಸರ ತಂದಿದೆ. ಬರೆಯುವವರಲ್ಲೂ ಹಲವರಿಗೆ ಇಷ್ಟವಿಲ್ಲ. ಆದರೂ ಇಂಥ ಬರಹ ಕಡಿಮೆಯಾಗಿಲ್ಲ. ಯಾಕೆ ಅಂತ ಅರ್ಥವಾಗಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಶುರುವಾದಾಗಿನಿಂದಲೂ ಕನ್ನಡ ಬರಹಕ್ಕೆ ಓದುಗರನ್ನು ಹುಡುಕುವ ಚಿಂತೆ ಇದ್ದೇ ಇದೆ. ಕಾದಂಬರಿಕಾರ ಗಳಗನಾಥರು ಪುಸ್ತಕ ಹೊತ್ತು ಊರೂರು ತಿರುಗಿದರು. ವಾರಪತ್ರಿಕೆಗಳು ಧಾರಾವಾಹಿಯನ್ನು ಕುತೂಹಲದ ಘಟ್ಟದಲ್ಲೇ ನಿಲ್ಲಿಸಿದವು. ಆದರೆ ಮುಂದಿನ ವಾರ ಕಥೆ ಖಂಡಿತ ಸಿಗುತ್ತಿತ್ತು.

ಕಂಪ್ಯೂಟರ್ ಬಂದ ಮೇಲೆ ಮೊದಲು ಎದುರಾದದ್ದು ಬೇರೆಯೇ ತೊಡಕು. 1998ರಲ್ಲಿ ‘ಬರಹ’ ಎಂಬ ತಂತ್ರಾಂಶ ಬಂತು, ಆಮೇಲೆ ‘ನುಡಿ’. ಕನ್ನಡ ಟೈಪ್ ಮಾಡುವುದು ಸಲೀಸಾಯಿತು. ಆದರೆ ಬರೆದವರ ಫಾಂಟ್ ಓದುವವರ ಕಂಪ್ಯೂಟರಿನಲ್ಲೂ ಇರಬೇಕಿತ್ತು. ಇಲ್ಲದಿದ್ದರೆ ಪರದೆ ತುಂಬ ಅರ್ಥವಿಲ್ಲದ ಚಿಹ್ನೆಗಳು. ಇಂಗ್ಲಿಷ್ ಅಕ್ಷರಗಳಿಗೆಂದು ಇದ್ದ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ್ದೇ ಇದಕ್ಕೆ ಕಾರಣ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಇಂಗ್ಲಿಷ್. ಹಾಗಾಗಿ ಎಷ್ಟು ಚೆನ್ನಾಗಿ ಬರೆದರೂ ಕನ್ನಡದಲ್ಲಿ ಹುಡುಕಿದವರಿಗೆ ಅದು ಸಿಗುತ್ತಿರಲಿಲ್ಲ.

ಪರಿಹಾರ ಯೂನಿಕೋಡ್‌ನಲ್ಲಿತ್ತು. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ವ್ಯವಸ್ಥೆ ಅದು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಆದರೆ ಜನರ ಕೈಗೆ ಬರಲು ಹತ್ತು ವರ್ಷ ಹಿಡಿಯಿತು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟ್ ತಂದಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಅದೇ ದಶಕದ ನಡುವಿನಲ್ಲಿ ಕನ್ನಡ ಬ್ಲಾಗುಗಳು ಸಾಲುಸಾಲಾಗಿ ಹುಟ್ಟಿಕೊಂಡವು.

ಆ ಕೆಲವು ವರ್ಷಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಮಲೆನಾಡಿನ ಮಳೆ, ಅಜ್ಜಿಯ ಅಡುಗೆ, ಬೆಂಗಳೂರಿನ ಪಿಜಿ ಜೀವನ, ಅಮೆರಿಕದಲ್ಲಿ ಕೂತು ನೆನೆದ ಊರಹಬ್ಬ, ಇವೆಲ್ಲ ಬರಹವಾದವು. ತಲೆಬರಹ ಎಷ್ಟೋ ಸಲ ಒಂದೇ ಪದ. ಓದುಗರನ್ನು ಕರೆತರುತ್ತಿದ್ದವರು ಇತರ ಓದುಗರೇ. ಬ್ಲಾಗಿನ ಪಕ್ಕದ ಪಟ್ಟಿಯಲ್ಲಿ ಗೆಳೆಯರ ಕೊಂಡಿಗಳಿರುತ್ತಿದ್ದವು. ಇಷ್ಟವಾದದ್ದನ್ನು ಇಮೇಲ್‌ನಲ್ಲಿ ಕಳಿಸುತ್ತಿದ್ದರು. ಮೆಚ್ಚಿದ ಬ್ಲಾಗುಗಳನ್ನು ಒಂದೇ ಕಡೆ ಓದಿಸುತ್ತಿದ್ದ ಗೂಗಲ್ ರೀಡರ್ ಬಳಸುವವರಿಗೆ ಹೊಸ ಬರಹ ತಾನಾಗಿಯೇ ತಲುಪುತ್ತಿತ್ತು. ಓದುವವರು ಕಡಿಮೆ, ನಿಜ. ಆದರೆ ಅವರು ಮತ್ತೆ ಬರುತ್ತಿದ್ದರು, ಪೂರ್ತಿ ಓದುತ್ತಿದ್ದರು, ತಕರಾರಿದ್ದರೆ ಹೇಳುತ್ತಿದ್ದರು. ಆ ಬರಹಗಳಲ್ಲಿ ಇಂದಿಗೂ ಓದಿಸಿಕೊಳ್ಳುವ ಗುಣವಿರುವುದಕ್ಕೆ ಇದೇ ಕಾರಣ ಅಲ್ವಾ?

2013ರ ಜುಲೈ 1ಕ್ಕೆ ಗೂಗಲ್ ರೀಡರ್ ಮುಚ್ಚಿತು. ಅದಕ್ಕೂ ಮೊದಲೇ ಓದುಗರ ಮಾತುಕತೆ ಬ್ಲಾಗಿನಿಂದ ಫೇಸ್‌ಬುಕ್‌ಗೆ ಸರಿದಿತ್ತು. ಇನ್ನೊಂದು ಕಡೆ, 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ಲಿಪಿಗೆ ಬೆಂಬಲ ಸಿಕ್ಕಿತು. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಕಂಪ್ಯೂಟರ್ ಮುಟ್ಟದವರೂ ಕನ್ನಡದಲ್ಲಿ ಓದತೊಡಗಿದರು. ಇದು ನಿಜಕ್ಕೂ ದೊಡ್ಡ ಲಾಭ.

ಆದರೆ ಅವರಲ್ಲಿ ಬಹಳ ಮಂದಿ ಬಂದದ್ದು ಫೇಸ್‌ಬುಕ್, ವಾಟ್ಸ್‌ಆ್ಯಪ್ ದಾರಿಯಲ್ಲಿ. ಅಲ್ಲಿ ಕಾಣುವುದು ಒಂದು ಫೋಟೊ, ಒಂದು ತಲೆಬರಹ. ಜಾಹೀರಾತಿನ ಹಣ ಬರುವುದು ಪುಟ ತೆರೆದಾಗ. ಓದಿ ಮುಗಿಸಿದರೋ ಇಲ್ಲವೋ ಎಂಬುದು ಆ ಲೆಕ್ಕಕ್ಕೆ ಬರಲಿಲ್ಲ. ತಿಳಿದಿರುವುದಕ್ಕೂ ತಿಳಿಯಬೇಕೆಂದಿರುವುದಕ್ಕೂ ನಡುವೆ ಅಂತರ ಕಂಡಾಗ ಕುತೂಹಲ ಹುಟ್ಟುತ್ತದೆ ಅಂತ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲೇ ವಿವರಿಸಿದ್ದರು. ತಲೆಬರಹದಲ್ಲಿ ಮುಖ್ಯ ಸಂಗತಿಯನ್ನೇ ಮುಚ್ಚಿಡುವ ರೂಢಿ ಆ ಅಂತರವನ್ನೇ ಬಳಸಿಕೊಂಡಿತು.

ಗೂಗಲ್‌ನಲ್ಲಿ ಹುಡುಕಿ ಬರುವ ದಾರಿಯಲ್ಲಿ ಬೇರೆ ಒತ್ತಡ. ಕನ್ನಡದ ಪದ ವಿಭಕ್ತಿ ಸೇರಿದಾಗ ರೂಪ ಬದಲಿಸುತ್ತದೆ. ಮೈಸೂರಿನಲ್ಲಿ, ಮೈಸೂರಿಗೆ, ಮೈಸೂರಿಂದ. ಹುಡುಕುವವರಿಗೆ ಸಿಗಲಿ ಅಂತ ‘ಮೈಸೂರು’ ಎಂಬುದನ್ನೇ ಸಾಲುಸಾಲಿಗೂ ತುರುಕಿದ ಬರಹಗಳಿವೆ. ಎಷ್ಟೋ ಜನ ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪಿಸಿ ಹುಡುಕುತ್ತಾರೆ. ಅವರಿಗಾಗಿ ತಲೆಬರಹದಲ್ಲಿ ಎರಡೂ ಲಿಪಿ ಬಂದವು. ಹುಡುಕಾಟದಲ್ಲಿ ಮೇಲೆ ಬರಲಿ ಅಂತ ಬರಹ ಉದ್ದವೂ ಆಯಿತು, ಚಿತ್ರಾನ್ನದ ವಿಧಾನಕ್ಕೆ ಮೊದಲು ಅಕ್ಕಿಯ ಇತಿಹಾಸ ಬಂತು.

ಕಂಪನಿಗಳು ಸುಮ್ನೆ ಕೂರಲಿಲ್ಲ. ಸತ್ವವಿಲ್ಲದ ಪುಟಗಳನ್ನು ಕೆಳಗೆ ತಳ್ಳಲು ಗೂಗಲ್ 2011ರಲ್ಲಿ ತನ್ನ ಹುಡುಕಾಟದಲ್ಲಿ ‘ಪಾಂಡಾ’ ಎಂಬ ಬದಲಾವಣೆ ತಂದಿತು. ಮರುಳು ತಲೆಬರಹಗಳನ್ನು ಕಡಿಮೆ ತೋರಿಸುವುದಾಗಿ ಫೇಸ್‌ಬುಕ್ 2014ರಲ್ಲಿ ಹೇಳಿತು. ಪ್ರತಿ ನಿಯಮ ಬದಲಾದಾಗಲೂ ಬರೆಯುವವರು ಅದಕ್ಕೆ ತಕ್ಕಂತೆ ಬದಲಾದರು. ಹೊಟ್ಟೆಪಾಡಿಗೆ ಬರೆಯುವವರಿಗೆ ಬೇರೆ ದಾರಿಯೂ ಕಡಿಮೆ.

2024ರಿಂದ ಭಾರತದಲ್ಲೂ ಗೂಗಲ್ ಹುಡುಕಾಟದ ಮೇಲ್ಭಾಗದಲ್ಲಿ ಎಐ ಬರೆದ ಸಾರಾಂಶ ಬರುತ್ತಿದೆ. ಉತ್ತರ ಅಲ್ಲೇ ಸಿಕ್ಕರೆ ಮೂಲ ಬರಹವನ್ನು ಯಾಕೆ ತೆರೆಯಬೇಕು? ಎಲ್ಲ ಕಡೆ ಸಿಗುವ ಮಾಹಿತಿಯನ್ನೇ ಮತ್ತೆ ಬರೆಯುವವರಿಗೆ ಇದರ ಏಟು ಜಾಸ್ತಿ. ತಮ್ಮೂರಿನ ಕೆರೆ, ತಾವೇ ಬೆಳೆದ ಭತ್ತ, ತಾವೇ ಅಲೆದ ಕಚೇರಿಯ ಬಗ್ಗೆ ಬರೆಯುವವರನ್ನು ಮಾತ್ರ ಹುಡುಕಿಕೊಂಡೇ ಬರಬೇಕು. ಕೆಲವರು ಈಗ ವಾಟ್ಸ್‌ಆ್ಯಪ್ ಚಾನೆಲ್, ಇಮೇಲ್ ಮೂಲಕ ಓದುಗರಿಗೆ ನೇರವಾಗಿ ಬರಹ ಕಳಿಸುತ್ತಿದ್ದಾರೆ. ಅಲ್ಲಿ ಓದುಗರು ಉಳಿಯುತ್ತಾರೆ. ಬರೆದದ್ದಕ್ಕೆ ಹಣ ಎಲ್ಲಿಂದ ಬರಬೇಕು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.