‘ರೆಬೆಕಾ’ ಓದಿ ಆಯ್ತು, ಮುಂದೇನು?

ಗಂಗಾವತಿಯ ಓದುಗರೊಬ್ಬರ ಪ್ರಶ್ನೆ: “ಅಕ್ಕಾ, ‘ರೆಬೆಕಾ’ ಎರಡೇ ರಾತ್ರಿಯಲ್ಲಿ ಓದಿ ಮುಗಿಸಿದೆ. ಅದೇ ಹುರುಪಿನಲ್ಲಿ ಅದನ್ನು ಬರೆದ ಇಂಗ್ಲಿಷ್ ಲೇಖಕಿ ಡಾಫ್ನೆ ಡು ಮೌರಿಯೆಯದೇ ಇನ್ನೊಂದು ಕಾದಂಬರಿ ‘ಹಂಗ್ರಿ ಹಿಲ್’ ತರಿಸಿದೆ. ನೂರು ಪುಟ ದಾಟಿದರೂ ಎದೆ ಒಂದು ಸಲ ಕೂಡ ಡವಡವ ಅನ್ನಲಿಲ್ಲ. ಈಕೆ ಒಂದೇ ಪುಸ್ತಕದ ಲೇಖಕಿಯಾ? ಉಳಿದವುಗಳಲ್ಲಿ ಓದುವಂಥದ್ದು ಏನಾದರೂ ಇದೆಯಾ?”

ಇದೆ. ನಿಮ್ಮ ಕೈಗೆ ಸಿಕ್ಕ ಎರಡನೇ ಪುಸ್ತಕ ಮಾತ್ರ ತಪ್ಪಿತು. 1943ರ ‘ಹಂಗ್ರಿ ಹಿಲ್’ ಸಸ್ಪೆನ್ಸ್ ಕಾದಂಬರಿಯೇ ಅಲ್ಲ. ಐರ್ಲೆಂಡಿನ ಒಂದು ಗುಡ್ಡ, ಅದರೊಳಗೆ ತಾಮ್ರದ ಗಣಿ, ಗಣಿ ಮಾಲೀಕರ ಐದು ತಲೆಮಾರು. ಬಿಸಿ ಮಿರ್ಚಿ ಭಜಿ ತಿನ್ನೋಣ ಅಂತ ಹೋದವರಿಗೆ ಅಂಗಡಿಯವನು ತನ್ನ ಮನೆತನದ ಕಥೆ ಹೇಳುತ್ತಾ ಕೂತಂತೆ. ಸಂಡೂರು ಕಡೆಯ ಗಣಿ ನೋಡಿದವರಿಗೆ ಅದರಲ್ಲೂ ರುಚಿ ಇದೆ. ಗುಡ್ಡ ಅಗೆದವರನ್ನು ಗುಡ್ಡ ಸುಮ್ನೆ ಬಿಡೋದಿಲ್ಲ ಅನ್ನುವುದೇ ಅದರ ಹುರುಳು. ಆದರೆ ‘ರೆಬೆಕಾ’ ಮುಗಿಸಿ ಅದನ್ನು ಹಿಡಿಯಬಾರದು.

ನಾನೂ ಹೀಗೇ ಎಡವಿದವಳು. ಕೊಪ್ಪಳದಲ್ಲಿ ನಾವು ಆರು ಜನ ಇದ್ದೇವೆ. ಬೇಸಿಗೆಯಲ್ಲಿ ಸಂಜೆ ನಮ್ಮ ಮನೆ ಮಾಳಿಗೆ ಮೇಲೆ ಸೇರುತ್ತೇವೆ. ಎರಡು ವರ್ಷ ಈ ಒಬ್ಬಳನ್ನೇ ಓದಿದೆವು. ಒಬ್ಬರ ಮಗ ಹೈದರಾಬಾದಿನಲ್ಲಿದ್ದಾನೆ. ಆಬಿಡ್ಸ್‌ನಲ್ಲಿ ಭಾನುವಾರ ಫುಟ್‌ಪಾತ್ ಮೇಲೆ ಸಿಕ್ಕ ಹಳೇ ಪ್ರತಿಗಳನ್ನು ಚೀಲ ತುಂಬಿ ತಂದುಕೊಟ್ಟ. ಎಲ್ಲವೂ ಇಂಗ್ಲಿಷ್. ನಮ್ಮಲ್ಲೇ ಒಬ್ಬರಿಗೆ ಇಂಗ್ಲಿಷ್ ಬರೋದಿಲ್ಲ. ಅವರಿಗೆ ನಾವು ಅಧ್ಯಾಯದ ಲೆಕ್ಕದಲ್ಲಿ ಕಥೆ ಹೇಳುತ್ತಿದ್ದೆವು. ಅವರು ಮೊರದಲ್ಲಿ ಜೋಳ ಹಸನು ಮಾಡುತ್ತಾ ಕೇಳುತ್ತಿದ್ದರು. ಆರು ಜನರಲ್ಲಿ ಒಳ್ಳೆಯ ಓದುಗರು ಯಾರು ಅಂತ ಕೇಳಿದರೆ ನಾನು ಅವರ ಹೆಸರೇ ಹೇಳುತ್ತೇನೆ.

ಯಾಕೆ ಅಂತ ಹೇಳುತ್ತೇನೆ. ‘ರೆಬೆಕಾ’ ಕಥೆಯನ್ನು ಹೇಳುವ ಹುಡುಗಿಗೆ ಇಡೀ ಪುಸ್ತಕದಲ್ಲಿ ಹೆಸರಿಲ್ಲ. ಸತ್ತ ಮೊದಲ ಹೆಂಡತಿ ರೆಬೆಕಾಳ ಹೆಸರು ಮಾತ್ರ ಮನೆ ತುಂಬ. ನಾವೆಲ್ಲ ಇದೆಂಥ ಚಮತ್ಕಾರ ಅಂತ ಚರ್ಚೆ ಮಾಡುತ್ತಿದ್ದೆವು. ಆಕೆ ಮೊರ ಕೆಳಗಿಟ್ಟು ಅಂದರು: “ಅದ್ರಾಗೇನು ಐತ್ರೀ ಚಮತ್ಕಾರ? ನನ್ನ ಎರಡನೇ ಸಂಬಂಧಕ್ಕ ಕೊಟ್ಟಿದ್ರು. ಐದು ವರ್ಷ ಆ ಮನ್ಯಾಗ ನಂಗೂ ಹೆಸರಿರಲಿಲ್ಲ. ಎರಡನೇಯಾಕಿ, ಅಷ್ಟ.” ಗೋಡೆ ಮೇಲೆ ಹಾರ ಹಾಕಿದ ಮೊದಲನೆಯವಳ ಫೋಟೊ ಇತ್ತಂತೆ. ದಿನಾ ಅದರ ಧೂಳು ಒರೆಸುವ ಕೆಲಸವೂ ಇವರದೇ.

ಆ ಮಾತು ಕೇಳಿದ ಮೇಲೆ ನನಗೆ ಉಳಿದ ಪುಸ್ತಕಗಳ ಬೀಗವೂ ತೆಗೆಯಿತು. ಡು ಮೌರಿಯೆ ಕಥೆಗಳಲ್ಲಿ ‘ಕೊಲೆ ಮಾಡಿದ್ದು ಯಾರು’ ಅನ್ನೋದು ನೆಪ. ಒಬ್ಬರು ಇನ್ನೊಬ್ಬರ ಜಾಗದಲ್ಲಿ ಹೋಗಿ ಕೂರುತ್ತಾರೆ. ಆ ಜಾಗ ಅವರನ್ನು ನುಂಗುತ್ತದೋ ಉಳಿಸುತ್ತದೋ, ನಮ್ಮ ಎದೆ ಬಡಿತ ಅದಕ್ಕೆ. ಪತ್ತೇದಾರ ಪುರುಷೋತ್ತಮನ ಕಥೆ ಓದಿ ಬೆಳೆದ ನಮ್ಮ ಗುಂಪಿನ ಹಿರಿಯರೊಬ್ಬರಿಗೆ ಇದು ಕೊನೆಯವರೆಗೂ ಒಗ್ಗಲಿಲ್ಲ. ಅವರಿಗೆ ಕೊನೇ ಪುಟದಲ್ಲಿ ಕಳ್ಳ ಸಿಕ್ಕಿಬೀಳಬೇಕು. ‘ಮೈ ಕಸಿನ್ ರೇಚಲ್’ (1951) ಮುಗಿಸಿದ ದಿನ ಅವರಿಗೆ ಬಂದ ಸಿಟ್ಟು ನೋಡಬೇಕಿತ್ತು. ರೇಚಲ್ ವಿಷ ಹಾಕಿದಳಾ, ಇಲ್ಲವಾ? ಲೇಖಕಿ ಹೇಳೋದೇ ಇಲ್ಲ. “ಮುನ್ನೂರು ಪುಟ ಓದಿಸಿ ಹಿಂಗ ನಡುದಾರ್ಯಾಗ ಕೈಬಿಟ್ಟಾಳಲ್ರೀ” ಅಂತ ಒಂದು ವಾರ ಗೊಣಗಿದರು. ಆದರೆ ಆ ಒಂದು ವಾರ ಅವರು ಬೇರೇನೂ ಮಾತಾಡಲಿಲ್ಲ ಅನ್ನೋದನ್ನೂ ಹೇಳಬೇಕು.

ಇನ್ನು, ಕೆಲವು ಪುಸ್ತಕ ಹೆಸರಾಗಿ ಕೆಲವು ಮೂಲೆ ಸೇರಿದ್ದು ಯಾಕೆ? ದೊಡ್ಡ ಕಾರಣ ಸಿನಿಮಾ. ನಿರ್ದೇಶಕ ಹಿಚ್‌ಕಾಕ್ ಈಕೆಯ ಮೂರು ಕಥೆ ಎತ್ತಿಕೊಂಡ: 1939ರಲ್ಲಿ ‘ಜಮೈಕಾ ಇನ್’, 1940ರಲ್ಲಿ ‘ರೆಬೆಕಾ’, 1963ರಲ್ಲಿ ‘ದಿ ಬರ್ಡ್ಸ್’. ‘ರೆಬೆಕಾ’ಗೆ ಆ ವರ್ಷದ ಅತ್ಯುತ್ತಮ ಚಿತ್ರ ಅಂತ ಆಸ್ಕರ್ ಬಂತು. ನಮ್ಮಲ್ಲಿ ವಹೀದಾ ರೆಹಮಾನ್ ಇದ್ದ 1964ರ ಹಿಂದಿ ಚಿತ್ರ ‘ಕೋಹ್ರಾ’ ಕೂಡ ಇದೇ ಕಥೆ. ನಮ್ಮ ಮಾವನವರು ಕಾದಂಬರಿಯ ಹೆಸರೂ ಕೇಳಿದವರಲ್ಲ, ಆದರೆ ಕಥೆ ಶುರು ಮಾಡಿದ ಕೂಡಲೇ “ಇದು ಆ ವಹೀದಾ ಪಿಚ್ಚರ್ ಅಲ್ವಾ” ಅಂದರು. ಸಿನಿಮಾ ಆದ ಎಲ್ಲವೂ ಹೆಸರಾಯಿತು ಅಂತಲ್ಲ. ಈಗ ನಾನು ಹೇಳಹೊರಟ ಪುಸ್ತಕವನ್ನು 1959ರಲ್ಲಿ ಅಲೆಕ್ ಗಿನ್ನೆಸ್‌ನಂಥ ನಟನನ್ನು ಹಾಕಿ ತೆಗೆದರು. ಯಾರಿಗೆ ನೆನಪಿದೆ?

ಆ ಪುಸ್ತಕ ‘ದಿ ಸ್ಕೇಪ್‌ಗೋಟ್’, 1957ರದು. ನಿಮ್ಮ ಮುಂದಿನ ಓದು ಇದೇ ಆಗಲಿ. ಜಾನ್ ಅನ್ನೋ ಇಂಗ್ಲಿಷ್ ಮೇಷ್ಟ್ರು. ಫ್ರಾನ್ಸಿನ ಇತಿಹಾಸ ಪಾಠ ಮಾಡುತ್ತಾನೆ, ಹಿಂದೆ ಮುಂದೆ ಯಾರೂ ಇಲ್ಲ. ಲ ಮಾನ್ ಊರಿನಲ್ಲಿ ತನ್ನ ಪಡಿಯಚ್ಚಿನಂಥ ಇನ್ನೊಬ್ಬನನ್ನು ನೋಡುತ್ತಾನೆ. ಇಬ್ಬರೂ ಕೂತು ಕುಡಿಯುತ್ತಾರೆ. ಬೆಳಿಗ್ಗೆ ಎದ್ದರೆ ತನ್ನ ಬಟ್ಟೆ, ಕಾರು, ಪಾಸ್‌ಪೋರ್ಟ್ ಎಲ್ಲ ಮಾಯ. ಆ ಇನ್ನೊಬ್ಬನ ಡ್ರೈವರ್ ಬಾಗಿಲಲ್ಲಿ ನಿಂತು ‘ಮನೆಗೆ ಹೋಗೋಣ’ ಅನ್ನುತ್ತಾನೆ. ಮನೆ ಅಂದರೆ ದೊಡ್ಡ ಹಳೇ ವಾಡೆ. ಅಲ್ಲಿ ಸಾಲದಲ್ಲಿ ಮುಳುಗಿದ ಗಾಜಿನ ಕಾರ್ಖಾನೆ, ಮಾರ್ಫಿನ್ ಚಟ ಹತ್ತಿದ ತಾಯಿ, ಗರ್ಭಿಣಿ ಹೆಂಡತಿ, ಅಪ್ಪನನ್ನು ಬಿಟ್ಟಿರದ ಮಗಳು. ಜಾನ್ ನಿಜ ಹೇಳಲು ಬಾಯಿ ತೆರೆಯುತ್ತಾನೆ. ಯಾರೂ ನಂಬೋದಿಲ್ಲ. ಆಮೇಲೆ ಅವನೇ ಹೇಳೋದು ಬಿಡುತ್ತಾನೆ.

ಈ ಪುಸ್ತಕದ ಬಗ್ಗೆ ಬರುವ ತಕರಾರು ಎಲ್ಲ ಕಡೆ ಒಂದೇ: ಇದು ಸಾಧ್ಯವಾ? ನಮ್ಮ ಮಾಳಿಗೆಯಲ್ಲೂ ಅದೇ ಜಗಳ. ಅಪರಿಚಿತ ಅಂತ ಮೊದಲು ಗುರುತಿಸಿ ಬೊಗಳುವುದು ಆ ಮನೆಯ ನಾಯಿ. “ನಾಯಿಗೆ ಗೊತ್ತಾತು, ಹೇಣ್ತಿಗೆ ಗೊತ್ತಾಗ್ಲಿಲ್ಲೇನ್ರೀ?” ಅಂತ ಹಿರಿಯರು ಮೇಜು ಕುಟ್ಟಿದರು. ಜೋಳದ ಮೊರದ ಆಕೆ ತಲೆ ಎತ್ತದೆ ಅಂದರು: “ನಾಯಿ ಮಾರಿ ನೋಡ್ತೈತ್ರೀ. ಹೇಣ್ತಿ ಎಷ್ಟು ವರ್ಷ ಆಗಿತ್ತೋ ನೋಡೋದು ಬಿಟ್ಟು.” ಜಗಳ ಅಲ್ಲಿಗೇ ನಿಂತಿತು. ನನ್ನ ಮಟ್ಟಿಗೆ ‘ರೆಬೆಕಾ’ಗಿಂತ ಇದೇ ಗಟ್ಟಿ ಪುಸ್ತಕ. ಒಪ್ಪದವರು ಬಹಳ ಜನ ಇದ್ದಾರೆ. ಇರಲಿ.

ಎರಡನೆಯದು 1969ರ ‘ದಿ ಹೌಸ್ ಆನ್ ದಿ ಸ್ಟ್ರ್ಯಾಂಡ್’. ಇದನ್ನು ಹೇಳುವ ಮುಂಚೆ ಆಕೆಯ ಮನೆಗಳ ಬಗ್ಗೆ ಸ್ವಲ್ಪ. ಡು ಮೌರಿಯೆ ಹುಟ್ಟಿದ್ದು 1907ರಲ್ಲಿ, ಲಂಡನ್ನಿನಲ್ಲಿ. ಅಪ್ಪ ಹೆಸರಾಂತ ರಂಗನಟ. ಆಕೆ ಮನಸ್ಸು ಕೊಟ್ಟಿದ್ದು ಮಾತ್ರ ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ಗೆ. ಅಲ್ಲಿನ ಮೆನಾಬಿಲಿ ಅನ್ನೋ ಹಳೇ ಮನೆಯಲ್ಲಿ 1943ರಿಂದ 1969ರವರೆಗೆ ಇದ್ದಳು. ಸ್ವಂತದ್ದಲ್ಲ, ಗುತ್ತಿಗೆ ಮನೆ. ಗುತ್ತಿಗೆ ಮುಗಿದು ಬಿಡಬೇಕಾಯಿತು. ಹತ್ತಿರದ ಕಿಲ್ಮಾರ್ತ್ ಅನ್ನೋ ಮನೆಗೆ ಬಂದಳು. ಜೀವ ಇಟ್ಟುಕೊಂಡ ಮನೆ ಬಾಡಿಗೆಯದಾದರೆ ಆಗುವ ಸಂಕಟ ಬಾಡಿಗೆ ಮನೆಯಲ್ಲಿ ಇದ್ದವರಿಗೆ ಗೊತ್ತು.

ಆ ಕಿಲ್ಮಾರ್ತೇ ಈ ಕಾದಂಬರಿಯ ಜಾಗ. ಡಿಕ್ ಅನ್ನೋನಿಗೆ ವಿಜ್ಞಾನಿ ಗೆಳೆಯನೊಬ್ಬ ಒಂದು ಔಷಧಿ ಕೊಡುತ್ತಾನೆ. ಕುಡಿದರೆ ಹದಿನಾಲ್ಕನೇ ಶತಮಾನ ಕಣ್ಣೆದುರು. ಊರು ಅದೇ, ಜನ ಬೇರೆ. ನೋಡಬಹುದು, ಕೇಳಬಹುದು, ಮುಟ್ಟುವಂತಿಲ್ಲ. ಆದರೆ ಲೇಖಕಿ ಇಟ್ಟ ಒಂದು ಷರತ್ತು ಇಡೀ ಕಥೆಗೆ ಭಯ ತುಂಬುತ್ತದೆ. ಹಿಂದಿನ ಕಾಲಕ್ಕೆ ಹೋಗೋದು ಮನಸ್ಸು ಮಾತ್ರ. ದೇಹ ಈ ಕಾಲದಲ್ಲೇ, ಕಣ್ಣಿಗೆ ಕಾಣದ ದಾರಿಯಲ್ಲಿ ನಡೆಯುತ್ತಿರುತ್ತದೆ. ಆರು ನೂರು ವರ್ಷದ ಹಿಂದೆ ಬಯಲಿದ್ದ ಕಡೆ ಈಗ ರೈಲು ಹಳಿ ಇದೆ. ಇಷ್ಟೇ ಹೇಳುತ್ತೇನೆ.

ಈ ಪುಸ್ತಕ ನಮ್ಮ ಕಡೆಯವರಿಗೆ ಬೇರೆ ಥರ ತಟ್ಟುತ್ತದೆ. ನೀವು ಗಂಗಾವತಿಯವರು, ಆನೆಗೊಂದಿ ನಿಮಗೆ ಪಕ್ಕದ ಊರು. ಅಲ್ಲಿ ವಿಜಯನಗರ ಕಾಲದ ಬಾಗಿಲಿನೊಳಗಿಂದಲೇ ಜನ ದಿನಾ ಓಡಾಡುತ್ತಾರೆ. ಹಳೇ ಕಾಲ ಮತ್ತು ಈ ಕಾಲ ಒಂದೇ ಓಣಿಯಲ್ಲಿ ಇರೋದು ನಮಗೆ ಹೊಸದಲ್ಲ. ನಮ್ಮ ಗುಂಪಿನಲ್ಲಿ ಮುನಿರಾಬಾದಿನವರೊಬ್ಬರಿದ್ದಾರೆ. 1953ರಲ್ಲಿ ತುಂಗಭದ್ರಾ ಡ್ಯಾಮ್ ಮುಗಿಯಿತು. ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳಲ್ಲಿ ಅವರ ಅಜ್ಜನ ಊರೂ ಒಂದು. ರೈಲು ಹಳಿಯ ಅಧ್ಯಾಯ ಓದಿ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: “ಆ ಔಷಧಿ ನಂಗ ಸಿಕ್ಕಿದ್ರ ನಮ್ಮಜ್ಜನ ಮನಿ ಕಟ್ಟಿ ಮ್ಯಾಲೆ ಹೋಗಿ ಕುಂದರ್ತಿದ್ದೆ. ಇಲ್ಲಿ ನೋಡಿದವರಿಗೆ ನಾನು ನಡಕೋತ ನೀರಿಗೆ ಹೋದಂಗ ಕಾಣ್ತಿತ್ತು.” ಕಾದಂಬರಿಯ ಭಯವನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದನ್ನು ನಾನು ಓದಿಲ್ಲ. ಮೊದಲ ಭಾಗದಲ್ಲಿ ಹಳೇ ಮನೆತನಗಳ ಹೆಸರು ಜಾಸ್ತಿ, ತಲೆ ಗಿರ್ ಅನ್ನುತ್ತದೆ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಉಳಿದವುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ‘ದಿ ಕಿಂಗ್ಸ್ ಜನರಲ್’ (1946) ಇತಿಹಾಸ ಇಷ್ಟಪಡುವವರಿಗೆ. 1824ರಲ್ಲಿ ಮೆನಾಬಿಲಿಯ ಗೋಡೆ ಒಡೆದಾಗ ಮುಚ್ಚಿದ ಕೋಣೆಯೊಳಗೆ ಒಂದು ಅಸ್ಥಿಪಂಜರ ಸಿಕ್ಕಿತ್ತು. ಅದು ಯಾರದು ಅನ್ನೋ ಊಹೆಯಿಂದ ಹುಟ್ಟಿದ ಕಥೆ. ‘ದಿ ಪ್ಯಾರಸೈಟ್ಸ್’ (1949) ನಾಟಕದವರ ಮನೆಯ ಮೂವರು ಮಕ್ಕಳ ಕಥೆ. ‘ನಾವು’ ಅಂತ ಹೇಳುತ್ತಾ ಹೋಗುತ್ತದೆ, ಆದರೆ ಮೂವರಲ್ಲಿ ಹೇಳುತ್ತಿರೋದು ಯಾರು ಅಂತ ತಿಳಿಯೋದಿಲ್ಲ. ನನಗೆ ಇಷ್ಟ, ನಿಮಗೆ ಈಗಲೇ ಬೇಡ. ‘ರೂಲ್ ಬ್ರಿಟಾನಿಯಾ’ (1972) ಆಕೆಯ ಕೊನೇ ಕಾದಂಬರಿ. ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟು ಅಮೆರಿಕದ ಜೊತೆ ಒಂದಾಗುತ್ತದೆ ಅಂತ ಕಲ್ಪಿಸಿದ್ದಾಳೆ. 2016ರ ಬ್ರೆಕ್ಸಿಟ್ ಮತದಾನದ ನಂತರ ಜನ ಇದನ್ನು ಮತ್ತೆ ಹುಡುಕಿದರು. ಆಕೆಗೆ ಭವಿಷ್ಯ ಗೊತ್ತಿತ್ತು ಅಂತ ಹೊಗಳಿಕೆ ಬಂತು. ಕಾದಂಬರಿಯಾಗಿ ಅದು ಸಾಧಾರಣ.

ದಪ್ಪ ಪುಸ್ತಕ ನೋಡಿದರೆ ಭಯ ಅನ್ನುವವರು ಸಣ್ಣ ಕಥೆ ಹಿಡಿಯಿರಿ. ‘ದಿ ಬರ್ಡ್ಸ್’ ಸಿನಿಮಾ ನೋಡಿದವರಿಗೂ 1952ರ ಮೂಲ ಕಥೆ ಬೇರೆಯೇ. ಅದರಲ್ಲಿ ಸ್ಟೈಲಿನ ನಾಯಕಿ ಇಲ್ಲ, ಕ್ಯಾಲಿಫೋರ್ನಿಯಾ ಇಲ್ಲ. ಕಾರ್ನ್‌ವಾಲ್‌ನ ಒಬ್ಬ ಕೂಲಿ, ಅವನ ಹೆಂಡತಿ ಮಕ್ಕಳು, ಕಿಟಕಿಗೆ ಹೊಡೆದ ಹಲಗೆ. ಕೊನೆಗೆ ರೇಡಿಯೊ ಕೂಡ ಸುಮ್ಮನಾಗುತ್ತದೆ. ನಾವು ಅದನ್ನು ಓದಿದ ಸಂಜೆ ಕರೆಂಟ್ ಹೋಗಿತ್ತು. ಪಕ್ಕದ ಬೇವಿನ ಮರಕ್ಕೆ ಕಾಗೆಗಳು ಬಂದು ಕೂತವು. ಯಾರೂ ನಗಲಿಲ್ಲ. 1959ರ ‘ದಿ ಬ್ಲೂ ಲೆನ್ಸಸ್’ ಇನ್ನೊಂದು. ಕಣ್ಣಿನ ಆಪರೇಷನ್ ಆದ ಹೆಂಗಸಿಗೆ ಪಟ್ಟಿ ಬಿಚ್ಚಿದಾಗ ಪ್ರತಿಯೊಬ್ಬರ ಕುತ್ತಿಗೆ ಮೇಲೂ ಒಂದೊಂದು ಪ್ರಾಣಿಯ ತಲೆ ಕಾಣುತ್ತದೆ. ಗಂಡ ಇನ್ನೂ ಬಂದಿಲ್ಲ. ಅವನ ತಲೆ ಯಾವುದಿರಬಹುದು ಅಂತ ಆಕೆಯ ಜೊತೆ ನೀವೂ ಕಾಯಬೇಕು.

ನಿಧಾನ ಅನ್ನೋ ದೂರಿನ ಬಗ್ಗೆ ಒಂದು ಮಾತು. ‘ರೆಬೆಕಾ’ ಬರೆಯಲು ಶುರು ಮಾಡಿದ್ದು 1937ರಲ್ಲಿ, ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ. ಗಂಡ ಸೈನ್ಯದಲ್ಲಿದ್ದ, ಅಲ್ಲಿಗೆ ಹೋಗಬೇಕಾಗಿತ್ತು. ಸೆಕೆ ಆಕೆಗೆ ಆಗದು. ಬೆವರು ಒರೆಸಿಕೊಳ್ಳುತ್ತಾ ಕಾರ್ನ್‌ವಾಲ್‌ನ ಮಳೆ, ಮಂಜು, ಮರದ ನೆರಳನ್ನು ನೆನೆಸಿಕೊಂಡು ಬರೆದಳು. ಆ ವರ್ಣನೆಗಳನ್ನು ಹಾರಿಸಬೇಡಿ. ಕೊಪ್ಪಳದ ಮೇ ತಿಂಗಳಲ್ಲಿ ಓದಿ ನೋಡಿ, ಆಕೆಯ ಸಂಕಟ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಓದಿದ ನಮ್ಮ ಗೆಳತಿಗೆ ಅದೇ ಪುಟಗಳು ಬೋರ್ ಹೊಡೆಸಿದವು.

‘ದಿ ಸ್ಕೇಪ್‌ಗೋಟ್’ ನನ್ನ ಹತ್ತಿರವೇ ಇದೆ, ಕೊಪ್ಪಳಕ್ಕೆ ಬಂದಾಗ ಒಯ್ಯಿರಿ. ಮೊದಲ ನಾಲ್ಕು ಪುಟ ಬಿಟ್ಟಿವೆ, ಗಾಬರಿ ಬೇಡ, ಕಥೆ ಶುರುವಾಗೋದು ಆಮೇಲೆ. ‘ದಿ ಹೌಸ್ ಆನ್ ದಿ ಸ್ಟ್ರ್ಯಾಂಡ್’ ಮಾತ್ರ ಮುನಿರಾಬಾದಿನವರ ಹತ್ತಿರ ಇದೆ. ಎರಡು ಸಲ ಕೇಳಿದೆ. “ಇನ್ನೊಮ್ಮೆ ಓದಿ ಕೊಡ್ತೀನ್ರೀ” ಅನ್ನುತ್ತಾರೆ. ಅದು ಹೋದ ವರ್ಷದ ಮಾತು.