ನಾಟಿ, ಜವಾರಿ, ಹೈಬ್ರಿಡ್: ಬೀಜದ ಪೊಟ್ಟಣದ ಮೇಲಿನ ಮಾತುಗಳ ಅರ್ಥವೇನು?

ಪ್ರಶ್ನೆ: ನಮ್ಮ ಬಡಾವಣೆಯ ತಾರಸಿ ತೋಟದವರು ಆಗಾಗ ಸೇರಿ ಬೀಜ ಹಂಚಿಕೊಳ್ಳುತ್ತೇವೆ. ಒಬ್ಬರು ನಾಟಿ ಎನ್ನುತ್ತಾರೆ, ಹುಬ್ಬಳ್ಳಿ ಕಡೆಯವರು ಜವಾರಿ ಎನ್ನುತ್ತಾರೆ, ಮತ್ತೊಬ್ಬರು ಸಾವಯವ ಬೀಜವೆಂದು ಕೊಡುತ್ತಾರೆ. ಇವೆಲ್ಲ ಒಂದೇ ತಾನೇ? ಹೈಬ್ರಿಡ್ ಗಿಡದ ಬೀಜ ಎತ್ತಿಟ್ಟರೆ ಮೊಳೆಯುವುದೇ ಇಲ್ಲವೆಂಬುದು ನಿಜವೇ?

ಉತ್ತರ: ನಾಟಿ ಮತ್ತು ಜವಾರಿ ಒಂದೇ. ಹಳೆ ಮೈಸೂರಿನವರ ನಾಟಿಯನ್ನೇ ಉತ್ತರ ಕರ್ನಾಟಕದವರು ಜವಾರಿ ಎನ್ನುತ್ತಾರೆ. ಎರಡಕ್ಕೂ ನಮ್ಮ ನೆಲಕ್ಕೆ ಒಗ್ಗಿಕೊಂಡು, ರೈತರ ಕೈಯಿಂದ ಕೈಗೆ ಉಳಿದು ಬಂದ ತಳಿ ಎಂಬ ಅರ್ಥವಿದೆ. ತೊಡಕಿರುವುದು ನಾಟಿ ಎಂಬ ಮಾತಿಗೆ ಸಸಿ ನೆಡುವ ಕೆಲಸವೆಂಬ ಇನ್ನೊಂದು ಅರ್ಥವೂ ಇರುವುದರಲ್ಲಿ. ಹಿಂದೊಮ್ಮೆ ನಾನು ‘ನಾಟಿ ಸಸಿ ಇದೆ’ ಎಂದು ತಿಳಿಸಿದಾಗ, ಕುಂಡಕ್ಕೆ ಹಾಕುವ ಹದಕ್ಕೆ ಬಂದ ಸಸಿಗಳೆಂದಷ್ಟೇ ನನ್ನ ಮನಸ್ಸಿನಲ್ಲಿತ್ತು. ಕೊಂಡುಹೋದವರು ಮಾತ್ರ ಅಜ್ಜಿಯ ಕಾಲದ ಬದನೆಯೆಂದು ನಂಬಿ ಎರಡು ತಿಂಗಳು ನೀರೆರೆದರು. ಅಲ್ಲದೆ ತರಕಾರಿ ಅಂಗಡಿಯಲ್ಲಿ ‘ನಾಟಿ ಟೊಮೇಟೊ’ ಎನ್ನುವುದು ಹೆಚ್ಚಾಗಿ ಹಣ್ಣಿನ ಆಕಾರವನ್ನೂ ಹುಳಿಯನ್ನೂ ಕಂಡು ಇಟ್ಟ ಹೆಸರೇ ಹೊರತು, ಅದರೊಳಗಿನ ಬೀಜದ ಕುಲಕ್ಕೆ ಕೊಟ್ಟ ಖಾತ್ರಿಯಲ್ಲ.

ಸಾವಯವ ಎಂಬುದು ಬೇರೆಯೇ ವಿಷಯ. ಅದು ತಾಯಿಗಿಡವನ್ನು ಹೇಗೆ ಬೆಳೆಸಿದರು, ಬೀಜಕ್ಕೆ ಔಷಧಿ ಸವರಿದರೇ ಎಂಬುದನ್ನು ಹೇಳುತ್ತದೆ, ತಳಿಯನ್ನಲ್ಲ. ಹೈಬ್ರಿಡ್ ಗಿಡವನ್ನೂ ಕೊಟ್ಟಿಗೆ ಗೊಬ್ಬರ ಮತ್ತು ಜೀವಾಮೃತದಲ್ಲೇ ಬೆಳೆಸಬಹುದು. ನಾಟಿ ಬೀಜಕ್ಕೂ ಶಿಲೀಂಧ್ರನಾಶಕ ಸವರಿರಬಹುದು. ಪೊಟ್ಟಣ ಒಡೆದಾಗ ಬೀಜಗಳು ಗುಲಾಬಿ ಅಥವಾ ನೀಲಿ ಬಣ್ಣಕ್ಕಿದ್ದು ಬೆರಳಿಗೆ ಬಣ್ಣ ಹತ್ತಿದರೆ, ಔಷಧಿ ಹಚ್ಚಿದ ಬೀಜವೆಂದೇ ತಿಳಿದು ಕೈ ತೊಳೆದುಕೊಳ್ಳಬೇಕು.

ಇನ್ನು ಹೈಬ್ರಿಡ್, ಅಂದರೆ ಸಂಕರ ತಳಿ. ಆಯ್ದ ಎರಡು ಬೇರೆ ಬೇರೆ ತಳಿಗಳ ನಡುವೆ ಪರಾಗಸ್ಪರ್ಶ ಮಾಡಿಸಿ ಪಡೆದ ಮೊದಲ ಪೀಳಿಗೆಯ ಬೀಜವಿದು. ಇದರಿಂದ ಎತ್ತಿಟ್ಟ ಬೀಜ ಸಾಮಾನ್ಯವಾಗಿ ಚೆನ್ನಾಗಿಯೇ ಮೊಳೆಯುತ್ತದೆ. ಮೊಳೆಯುವುದೇ ಇಲ್ಲವೆಂಬುದು ತಪ್ಪು ತಿಳಿವಳಿಕೆ. ಆದರೆ ಎರಡನೆಯ ಪೀಳಿಗೆಯಲ್ಲಿ ಅಜ್ಜ ಅಜ್ಜಿಯರ ಗುಣಗಳು ಚೆದುರಿ, ಒಂದು ಗಿಡ ಎತ್ತರಕ್ಕೆ ಹೋದರೆ ಪಕ್ಕದ್ದು ಗಿಡ್ಡವಾಗಬಹುದು, ರೋಗ ತಡೆಯುವ ಶಕ್ತಿ ಕೆಲವಕ್ಕೆ ಬಂದು ಕೆಲವಕ್ಕೆ ಬಾರದಿರಬಹುದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಮೂರು ರೋಗಗಳನ್ನು ತಡೆಯುವ ಸಂಕರ ಟೊಮೇಟೊ. ಅದರ ಬೀಜವನ್ನು ಪ್ರತಿ ಸಲ ಹೊಸದಾಗಿ ಕೊಳ್ಳಬೇಕು. ಅದೇ ಸಂಸ್ಥೆಯ ‘ಅರ್ಕಾ ವಿಕಾಸ್’ ಟೊಮೇಟೊ ಮತ್ತು ‘ಅರ್ಕಾ ಅನಾಮಿಕ’ ಬೆಂಡೆ ಸಂಕರವಲ್ಲ; ಅವು ಸುಧಾರಿತ ತಳಿಗಳು, ಬೀಜ ಎತ್ತಿಟ್ಟು ಮತ್ತೆ ಬಿತ್ತಬಹುದು. ನಾಟಿಯಲ್ಲದ್ದೆಲ್ಲ ಹೈಬ್ರಿಡ್ ಎನ್ನುವವರು ಈ ಮಧ್ಯದ ಗುಂಪನ್ನು ಮರೆಯುತ್ತಾರೆ. ಹೈಬ್ರಿಡ್ಡನ್ನು ಕುಲಾಂತರಿ, ಅಂದರೆ ಬೇರೆ ಜೀವಿಯ ವಂಶವಾಹಿ ಸೇರಿಸಿದ ತಳಿ, ಎನ್ನುವುದೂ ಸಲ್ಲದು: ಅಂಥ ತಳಿಗಳಲ್ಲಿ 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು, ಆದರೆ ತರಕಾರಿಯಾದ ಬಿಟಿ ಬದನೆಯನ್ನು 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ತಡೆಹಿಡಿಯಿತು.

ನಾಟಿ ಬೀಜವೆಂದ ಮಾತ್ರಕ್ಕೆ ತಾಯಿಯಂಥದೇ ಗಿಡ ಬರುತ್ತದೆಂದೂ ಇಲ್ಲ. ಟೊಮೇಟೊ, ಅಲಸಂದೆ, ಬೀನ್ಸ್ ಹೆಚ್ಚಾಗಿ ತಮ್ಮ ಹೂವಿನಲ್ಲೇ ಪರಾಗ ಮುಗಿಸಿಕೊಳ್ಳುವುದರಿಂದ ಬೆರಕೆಯಾಗುವುದು ಕಡಿಮೆ. ಬದನೆ, ಮೆಣಸಿನಕಾಯಿ, ಬೆಂಡೆಗಳಲ್ಲಿ ಜೇನು ಒಂದಿಷ್ಟು ಬೆರಕೆ ಮಾಡಿಯೇ ತೀರುತ್ತದೆ. ಉಡುಪಿ ಕಡೆಯಿಂದ ಮಟ್ಟುಗುಳ್ಳವೆಂಬ ದುಂಡು ಬದನೆಯ ಬೀಜ ತಂದು, ಅದರ ಪಕ್ಕದ ಕುಂಡದಲ್ಲೇ ಉದ್ದ ಬದನೆ ಬೆಳೆದವರು ಮುಂದಿನ ವರ್ಷ ಹಂಚುವುದನ್ನು ಮಟ್ಟುಗುಳ್ಳವೆಂದು ಹೇಳುವಂತಿಲ್ಲ. ಸೋರೆ, ಹೀರೆ, ಕುಂಬಳಗಳಲ್ಲಿ ಗಂಡು ಹೂವು ಹೆಣ್ಣು ಹೂವು ಬೇರೆಬೇರೆಯಾದ್ದರಿಂದ ಅದೇ ಜಾತಿಯ ಇನ್ನೊಂದು ತಳಿ ಹತ್ತಿರವಿದ್ದರೆ ಬೆರಕೆ ಬಹುಮಟ್ಟಿಗೆ ಖಚಿತ. ಮೊಗ್ಗಾಗಿರುವಾಗಲೇ ಎರಡೂ ಹೂವಿಗೆ ತೆಳು ಬಟ್ಟೆಯ ಚೀಲ ಕಟ್ಟಿ, ಅರಳಿದ ಮೇಲೆ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ಸವರಿ, ಮತ್ತೆ ಚೀಲ ಕಟ್ಟುವುದೇ ಇದಕ್ಕೆ ದಾರಿ; ಸೋರೆ ಮತ್ತು ಹೀರೆಯ ಹೂವು ಸಂಜೆಯೇ ಅರಳುವುದರಿಂದ ಕೆಲಸ ಅದೇ ರಾತ್ರಿ ಮುಗಿಯಬೇಕು. ಸೋರೆಕಾಯಿ ಕಹಿಯಿದ್ದರೆ ಬೀಜ ಎತ್ತಿಡುವುದಿರಲಿ, ಅದನ್ನು ತಿನ್ನಲೂ ಬಾರದು. ಆ ಕಹಿ ವಿಷವೇ ಆಗಬಲ್ಲದು.

ಹಾಗಾಗಿ ನಿಮ್ಮ ಗುಂಪಿನಲ್ಲಿ ಕೇಳಬೇಕಾದದ್ದು ನಾಟಿಯೋ ಜವಾರಿಯೋ ಎಂದಲ್ಲ. ಈ ಬೀಜ ಎಲ್ಲಿಂದ ಬಂತು, ಎಷ್ಟು ವರ್ಷದಿಂದ ಎತ್ತಿಡುತ್ತಿದ್ದೀರಿ, ಹೂವಿನ ಕಾಲದಲ್ಲಿ ಪಕ್ಕದಲ್ಲಿ ಏನಿತ್ತು ಎಂದು ಕೇಳಿ. ಈ ಮೂರನ್ನೂ ಕೊಯ್ದ ತಿಂಗಳನ್ನೂ ಪೊಟ್ಟಣದ ಮೇಲೆ ಬರೆಯುವುದಕ್ಕೆ ಒಂದು ನಿಮಿಷ ಸಾಕು. ಮೂಲ ತಿಳಿಯದಿದ್ದರೆ ‘ಮೂಲ ಗೊತ್ತಿಲ್ಲ’ ಎಂದು ಬರೆದ ಪೊಟ್ಟಣವನ್ನೇ, ಬರಿದೇ ‘ಅಪ್ಪಟ ನಾಟಿ’ ಎಂದು ಬರೆದದ್ದಕ್ಕಿಂತ ನಾನು ಹೆಚ್ಚು ನಂಬುತ್ತೇನೆ.